ಅಜ್ಜನ ಮನೆಯಲ್ಲಿ ನೆಲೆಸಿದ ಕವಿ

ಫರಂಗಿಪೇಟೆಯಿಂದ ಮಂಜೇಶ್ವರಕ್ಕೆ ದಾರಿ ಬಹಳ ದೂರದ್ದಲ್ಲ. ನೇತ್ರಾವತಿಯ ದಂಡೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿ, ಮಂಗಳೂರಿನ ತೆಂಕಣ ಅಂಚಿನಲ್ಲಿ ಅದೇ ನದಿಯನ್ನು ಸೇತುವೆಯ ಮೇಲೆ ದಾಟಿ, ತೊಕ್ಕೊಟ್ಟು ತಲಪಾಡಿಗಳನ್ನು ಕಳೆದರೆ ಆಯಿತು. ಬೆಳಗ್ಗೆ ಹೊರಟವರು ಸಂಜೆಗೆ ಮನೆಗೆ ಮರಳಬಹುದು. ದಾರಿಯುದ್ದಕ್ಕೂ ಮಣ್ಣು ಅದೇ ಕೆಂಪು, ತೋಟ ಅದೇ ತೆಂಗು, ಬಸ್ಸಿನೊಳಗಣ ತುಳು ಮಾತಿಗೂ ಅದೇ ಧಾಟಿ. ತಲಪಾಡಿಯನ್ನು ದಾಟಿದ ಮೇಲೆ ಮಾತ್ರ ಕಚೇರಿಗಳ ಹಲಗೆಗಳ ಮೇಲೆ ಬೇರೊಂದು ಲಿಪಿ ಮೊದಲಾಗುತ್ತದೆ. ಅಲ್ಲಿ ಕರ್ನಾಟಕ ಮುಗಿಯಿತು, ಕೇರಳ ತೊಡಗಿತು ಎಂದು ತಿಳಿಯಬೇಕು. ಹಾಗೆ ಅಕ್ಷರ ಬದಲಾದ ಮೇಲೆ ಕೆಲವೇ ಮೈಲಿಗಳಾಚೆ ಕನ್ನಡದ ಮೊತ್ತಮೊದಲ ರಾಷ್ಟ್ರಕವಿಯ ಮನೆಯಿದೆ.

೧೯೫೬ರ ನವೆಂಬರ್ ೧ರವರೆಗೆ ಈ ಗಡಿ ಇರಲಿಲ್ಲ. ಬಡಗಣ ಬೈಂದೂರಿನಿಂದ ತೆಂಕಣ ಹೊಸದುರ್ಗದವರೆಗೆ ಎಲ್ಲವೂ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಬಂಟ್ವಾಳದ ಅಕ್ಕಿ ವ್ಯಾಪಾರಿಗೂ ಮಂಜೇಶ್ವರದ ಜಮೀನುದಾರನಿಗೂ ಜಿಲ್ಲೆಯ ಕೋರ್ಟು ಮಂಗಳೂರಿನದೇ. ಆ ದಿನ ಬೆಳಗಾಗುವಷ್ಟರಲ್ಲಿ ಒಂದು ಮನೆ ಇದ್ದ ಜಾಗದಲ್ಲಿಯೇ ಇದ್ದುಕೊಂಡು ಪರರಾಜ್ಯಕ್ಕೆ ಸಂದಿತು. ಮನೆಯೊಡೆಯನಿಗೆ ಆಗ ಎಪ್ಪತ್ತಮೂರು ವರ್ಷ. ಅವರು ಆ ಮನೆಯನ್ನು ಬಿಟ್ಟು ಹೋದವರಲ್ಲ, ಬಿಟ್ಟು ಹೋಗಬೇಕೆಂದು ಬಯಸಿದವರೂ ಅಲ್ಲ. ಮಂಜೇಶ್ವರ ಗೋವಿಂದ ಪೈಗಳ ಬಾಳನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಕಾವ್ಯವಲ್ಲ, ಪಾಂಡಿತ್ಯವೂ ಅಲ್ಲ, ಈ ನಿಲುವು. ಒಂದೂರಿನ ಒಂದು ಮನೆಯಲ್ಲಿ ಕಾಲೂರಿ ಕುಳಿತು ಲೋಕವನ್ನೆಲ್ಲ ಅಲ್ಲಿಗೆ ತರಿಸಿಕೊಂಡವರು ಅವರು.

ಆ ಮನೆ ತಂದೆಯ ಕಡೆಯಿಂದ ಬಂದದ್ದಲ್ಲ. ತಂದೆ ತಿಮ್ಮಪ್ಪ ಪೈಗಳು ಮಂಗಳೂರಿನ ಸಾಹುಕಾರರು. ತಾಯಿ ದೇವಕಿಯಮ್ಮನವರ ತವರು ಮಂಜೇಶ್ವರ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ನಮ್ಮ ಕಡೆಯ ವಾಡಿಕೆಯಂತೆ, ೧೮೮೩ರ ಮಾರ್ಚ್ ೨೩ರಂದು ಗೋವಿಂದ ಪೈಗಳು ತಾಯಿಯ ತಂದೆಯ ಮನೆಯಲ್ಲಿ ಹುಟ್ಟಿದರು. ಮುಂದೆ ಆ ಅಜ್ಜನ ಆಸ್ತಿಯೇ ಅವರ ಪಾಲಿಗೆ ಬಂದು, ಹುಟ್ಟಿದ ಮನೆಯೇ ಬದುಕಿದ ಮನೆಯೂ ಆಯಿತು. ಹೆಸರಿನ ಹಿಂದೆ ಮಂಗಳೂರು ಸೇರದೆ ಮಂಜೇಶ್ವರ ಸೇರಿದ್ದು ಹೀಗೆ. ಕನ್ನಡದಲ್ಲಿ ಊರ ಹೆಸರನ್ನು ಹೊತ್ತ ಕವಿಗಳು ಹಲವರಿದ್ದಾರೆ. ತಾಯಿಯ ಊರನ್ನು ಹೊತ್ತವರು ಎಷ್ಟು ಮಂದಿಯೋ!

ಮಂಜೇಶ್ವರ ಅಂದೂ ಇಂದೂ ದೊಡ್ಡ ಪಟ್ಟಣವಲ್ಲ. ಆದರೆ ಸಣ್ಣ ಊರೆಂದು ಕಡೆಗಣಿಸುವಂತೆಯೂ ಇಲ್ಲ. ಗೌಡಸಾರಸ್ವತರ ಹದಿನೆಂಟು ಪೇಟೆಗಳೂ ಕೈಮುಗಿಯುವ ಅನಂತೇಶ್ವರನ ದೇವಾಲಯ ಅಲ್ಲಿದೆ, ಹೊಳೆಯಾಚೆ ಬಂಗ್ರಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳಿವೆ, ಮಸೀದಿಯಿದೆ, ಇಗರ್ಜಿಯಿದೆ. ಮನೆಯೊಳಗೆ ಕೊಂಕಣಿ, ಅಂಗಳಕ್ಕೆ ಇಳಿದರೆ ತುಳು, ಶಾಲೆಯಲ್ಲಿ ಕನ್ನಡ, ತೆಂಕಣದಿಂದ ಬಂದವರ ಬಾಯಲ್ಲಿ ಮಲಯಾಳ, ಬ್ಯಾರಿಗಳ ಬಾಯಲ್ಲಿ ಅವರದೇ ನುಡಿ. ಅಕ್ಷರ ಕಲಿಯುವುದಕ್ಕೆ ಮೊದಲೇ ನಾಲ್ಕೈದು ಭಾಷೆಗಳು ಕಿವಿಯ ಮೇಲೆ ಬೀಳುವ ಊರು ಅದು. ಪೈಗಳು ಬಲ್ಲ ಭಾಷೆಗಳ ಪಟ್ಟಿ ಕೊಡುವವರು ಇಪ್ಪತ್ತೈದರವರೆಗೂ ಎಣಿಸುವುದುಂಟು. ಎಣಿಕೆ ಹಾಗಿರಲಿ, ಸಂಸ್ಕೃತ, ಪ್ರಾಕೃತ, ಪಾಲಿ, ಬಂಗಾಳಿ, ಮರಾಠಿಗಳಿಂದ ಹಿಡಿದು ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್‌ಗಳವರೆಗೆ ಅವರ ಓದು ಹಬ್ಬಿತ್ತು ಎಂಬುದಕ್ಕೆ ಅವರ ಲೇಖನಗಳೇ ಸಾಕ್ಷಿ. ಅದರ ಬೀಜ ಮಂಜೇಶ್ವರದ ಅಂಗಳದಲ್ಲಿಯೇ ಬಿದ್ದಿತ್ತೆಂದು ನನ್ನ ಎಣಿಕೆ.

ಮಂಗಳೂರಿನ ಶಾಲೆಯಲ್ಲಿ ಅವರಿಗೆ ಒದಗಿದ ಗುರುಗಳು ಬಂಟ್ವಾಳದವರು. ೧೮೭೪ರಲ್ಲಿ ನೇತ್ರಾವತಿಯ ದಂಡೆಯ ಆ ಪೇಟೆಯಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಷ್ಯನಿಗಿಂತ ಒಂಬತ್ತೇ ವರ್ಷ ಹಿರಿಯರು. ಪಂಜೆಯವರ ದಾರಿ ತಿಳಿಗನ್ನಡದ್ದು. ಮಕ್ಕಳ ನಾಲಗೆಗೆ ಒಗ್ಗುವ ಮಾತು, ಹಾಡಿದರೆ ಹರಿಯುವ ಲಯ. ಶಿಷ್ಯನ ದಾರಿ ಅದಕ್ಕೆ ತೀರ ವಿರುದ್ಧ ದಿಕ್ಕಿಗೆ ಹೋಯಿತು: ಹಳಗನ್ನಡದ ಬಿಗಿ, ಸಂಸ್ಕೃತದ ಭಾರ, ನಿಘಂಟಿನ ನೆರವಿಲ್ಲದೆ ಮುಂದೆ ಸಾಗಗೊಡದ ಪದಸಂಪತ್ತು. ಇಂತಹ ಗುರುವಿಗೆ ಇಂತಹ ಶಿಷ್ಯ ಹೇಗೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಗುರು ಕೊಟ್ಟದ್ದು ಶೈಲಿಯನ್ನಲ್ಲ, ಕನ್ನಡದ ಮೇಲಣ ಮೋಹವನ್ನು ಎಂದು ನಾನು ಉತ್ತರಿಸುತ್ತೇನೆ. ಮನೆಮಾತು ಕೊಂಕಣಿಯಾದ ಹುಡುಗನೊಬ್ಬ ಕನ್ನಡವನ್ನೇ ತನ್ನ ಬಾಳಿನ ಕೆಲಸವೆಂದು ಆರಿಸಿಕೊಳ್ಳಬೇಕಾದರೆ ಯಾರಾದರೊಬ್ಬರು ಅದರ ಸವಿಯನ್ನು ಕಾಣಿಸಿರಬೇಕು. ಪಂಜೆಯವರ ಮನೆಮಾತೂ ಕೊಂಕಣಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಮುಂದಿನ ಓದಿಗೆ ಮದರಾಸು. ಬಿ.ಎ. ಪರೀಕ್ಷೆ ನಡೆದಿರುವಾಗಲೇ ಊರಿನಿಂದ ತಂದೆಯ ಮರಣದ ಸುದ್ದಿ ಬಂತು. ಉಳಿದ ಪರೀಕ್ಷೆಗಳನ್ನು ಬರೆಯದೆ ತರುಣ ಗೋವಿಂದ ಪೈಗಳು ಊರಿಗೆ ಮರಳಿದರು. ಬರೆದು ಮುಗಿಸಿದ್ದ ಇಂಗ್ಲಿಷಿನಲ್ಲಿ ಅವರಿಗೆ ಮೊದಲ ಸ್ಥಾನವೂ ಚಿನ್ನದ ಪದಕವೂ ದೊರೆತುವು. ಪದವಿ ಮಾತ್ರ ದೊರೆಯಲಿಲ್ಲ. ಹಿರಿಯ ಮಗನ ಹೆಗಲ ಮೇಲೆ ಮನೆತನದ ಹೊರೆ ಬಿದ್ದಾಗ ನಡುಹರೆಯದ ಎಷ್ಟೋ ಕನಸುಗಳು ಹೀಗೆ ಮುರಿಯುತ್ತವೆ. ಪೈಗಳ ವಿಷಯದಲ್ಲಿ ವಿಶೇಷವೆಂದರೆ, ಪದವಿ ತಪ್ಪಿದ ಮೇಲೆ ಅವರು ಮತ್ತೆ ಯಾವ ವಿಶ್ವವಿದ್ಯಾನಿಲಯದ ಬಾಗಿಲನ್ನೂ ತಟ್ಟಲಿಲ್ಲ. ಇಂದು ಅವರ ಕೃತಿಗಳ ಮೇಲೆ ಡಾಕ್ಟರೇಟು ಪಡೆಯುವವರು ಇದನ್ನು ಒಂದಿಷ್ಟು ಹೊತ್ತು ಯೋಚಿಸಬೇಕು. ಸಂಬಳದ ಗೊಡವೆಯಿಲ್ಲದ ಜಮೀನು ಇತ್ತು, ಅದರ ಆದಾಯದಿಂದ ಪುಸ್ತಕ ಕೊಳ್ಳುವ ಅನುಕೂಲವಿತ್ತು ಎಂದು ಯಾರಾದರೂ ಹೇಳಿದರೆ ಒಪ್ಪೋಣ. ಅಂತಹ ಅನುಕೂಲವಿದ್ದ ಜಮೀನುದಾರರು ಆ ಕಾಲಕ್ಕೆ ಜಿಲ್ಲೆಯಲ್ಲಿ ನೂರಾರು ಮಂದಿ ಇದ್ದರು ಎಂಬುದನ್ನೂ ಅವರು ಒಪ್ಪಬೇಕು.

ಅಜ್ಜನ ಆಸ್ತಿ ಕೈಸೇರಿದ ಬಳಿಕ ಪೈಗಳು ಮಂಜೇಶ್ವರದಲ್ಲಿ ನಿಂತರು. ನಿಂತವರು ಸುಮ್ಮನೆ ಕೂಡಲಿಲ್ಲ. ೧೯೧೧ರಲ್ಲಿ ಅವರು ಮಾಡಿದ ಕೆಲಸವೊಂದು ಕನ್ನಡ ಕಾವ್ಯದ ಸಾವಿರ ವರ್ಷದ ಕಟ್ಟನ್ನು ಸಡಿಲಿಸಿತು. ಈಗಿನ ವಿದ್ಯಾರ್ಥಿಗಳಿಗೆ ಅದರ ಮಹತ್ವ ಸುಲಭವಾಗಿ ಮನಗಾಣದು; ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರವಾಗಿ ಒಂದೇ ವ್ಯಂಜನ ಬರಬೇಕು. ಇದೇ ಆದಿಪ್ರಾಸ. ಅದರ ಹಿಂದಿನ ಅಕ್ಷರದ ಬಗೆಯನ್ನು ಅನುಸರಿಸಿಯೂ ವ್ಯಂಜನದ ರೂಪವನ್ನು ಅನುಸರಿಸಿಯೂ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಹೆಸರುಗಳು. ಸಂಸ್ಕೃತಕ್ಕೆ ಈ ಕಟ್ಟಳೆಯಿಲ್ಲ. ಕನ್ನಡದ ಲಾಕ್ಷಣಿಕರು ಮಾತ್ರ ಪ್ರಾಸವಿಲ್ಲದ ಕಾವ್ಯಕ್ಕೆ ಶೋಭೆಯಿಲ್ಲವೆಂದು ಮೊದಲಿನಿಂದಲೂ ಸಾರುತ್ತ ಬಂದವರು. ವಚನಕಾರರು ಪದ್ಯದ ಹಂಗನ್ನೇ ತೊರೆದದ್ದರಿಂದ ಈ ಕಟ್ಟು ಅವರಿಗೆ ತಗಲಲಿಲ್ಲ. ಪದ್ಯ ಬರೆಯುವವನಿಗೆ ಮಾತ್ರ ಬಿಡುಗಡೆಯಿರಲಿಲ್ಲ. ಮಹಾಕವಿಗಳ ಕೈಯಲ್ಲಿ ಪ್ರಾಸ ಆಭರಣವಾಯಿತು. ಸಾಮಾನ್ಯರ ಕೈಯಲ್ಲಿ ಅದು ಕಾಲಿನ ಸಂಕೋಲೆ. ಪ್ರಾಸಕ್ಕೆ ಸಿಕ್ಕ ಶಬ್ದವನ್ನು ಅರ್ಥಕ್ಕೆ ಒಗ್ಗಿಸುತ್ತ ಹೋದ ಪದ್ಯಗಳಿಂದ ಹತ್ತೊಂಬತ್ತನೆಯ ಶತಮಾನದ ಕನ್ನಡ ಪುಸ್ತಕಗಳು ತುಂಬಿ ತುಳುಕುತ್ತವೆ.

ಗೋವಿಂದ ಪೈಗಳು ಈ ಪ್ರಾಸವನ್ನು ಬಿಟ್ಟರು. ಪ್ರಾಸವಿಡಲು ಬಾರದೆ ಬಿಟ್ಟವರಲ್ಲ. ಅದರಲ್ಲಿ ಪಳಗಿದ ಕೈ ಅವರದು. 'ಹೊಲೆಯನು ಯಾರು?' ಎಂಬ ಅವರ ಪ್ರಾಸರಹಿತ ಕವನ ಮಂಗಳೂರಿನ 'ಸ್ವದೇಶಾಭಿಮಾನಿ'ಯಲ್ಲಿ ೧೯೧೧ರಲ್ಲಿ ಬೆಳಕು ಕಂಡಿತು. ಪಂಡಿತವರ್ಗ ಮುಖ ಸಿಂಡರಿಸಿತು, ವಾದವಿವಾದಗಳಾದುವು. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು ೧೯೨೬ರಲ್ಲಿ. ಹೊಸಗನ್ನಡ ಕವಿತೆಯ ಚರಿತ್ರೆಯನ್ನು ಅಲ್ಲಿಂದ ಆರಂಭಿಸುವ ನಮ್ಮ ವಾಡಿಕೆಯನ್ನು ಕಂಡಾಗ ಕರಾವಳಿಯವನಾದ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ; ಪಕ್ಷಪಾತವೆಂದರೂ ಸರಿಯೆ. ಇನ್ನೊಂದು ಸಂಗತಿಯನ್ನು ವಿಮರ್ಶಕರು ಅಷ್ಟಾಗಿ ಎತ್ತಿ ಹೇಳಿದಂತಿಲ್ಲ. ಪದ್ಯದ ಹಳೆಯ ಕಟ್ಟಳೆಯನ್ನು ಮುರಿಯಲು ಪೈಗಳು ಆರಿಸಿಕೊಂಡ ವಸ್ತು ಸಮಾಜದ ಅದಕ್ಕಿಂತ ಹಳೆಯ ಕಟ್ಟಳೆ, ಅಸ್ಪೃಶ್ಯತೆ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದು ಜಾತಿಬಾಂಧವರ ಬಹಿಷ್ಕಾರವನ್ನು ಉಂಡಿದ್ದ ಕಾಲ ಅದು. ಛಂದಸ್ಸಿನ ಕ್ರಾಂತಿಯೂ ಬೀದಿಯ ಕ್ರಾಂತಿಯೂ ಒಂದೇ ಊರಿನ ಗಾಳಿಯಲ್ಲಿ ಬೆಳೆದುವು.

ಮಡದಿಯ ಅಗಲಿಕೆ ಅವರ ಬಾಳಿನ ದೊಡ್ಡ ಪೆಟ್ಟು. ಅವಳ ನೆನಪಿಗೆ ಬರೆದ ಕವನಗಳು 'ನಂದಾದೀಪ'ವಾಗಿ ಉಳಿದಿವೆ. ಪೈಗಳೆಂದರೆ ಒಣ ಪಾಂಡಿತ್ಯವೆಂದು ನಂಬಿದವರು ಆ ಪುಸ್ತಕವನ್ನು ಓದಬೇಕು. ಆ ಮೇಲೆ ದೊಡ್ಡ ಮನೆಯಲ್ಲಿ ಅವರಿಗೆ ಎಡೆಬಿಡದ ಸಂಗಾತಿಗಳೆಂದರೆ ಪುಸ್ತಕಗಳು.

ಆ ಪುಸ್ತಕಗಳ ನಡುವೆ ನಡೆದ ಕೆಲಸವನ್ನು ಎರಡು ಉದಾಹರಣೆಗಳಿಂದ ಸೂಚಿಸುತ್ತೇನೆ. ಐಗುಪ್ತ ದೇಶದ ಆಕ್ಸಿರಿಂಕಸ್ ಎಂಬಲ್ಲಿ, ಮರಳಿನಡಿಯ ಕಸದ ರಾಶಿಯೊಳಗೆ ಪಪೈರಸ್ ಹಾಳೆಗಳ ಸಾವಿರಾರು ತುಣುಕುಗಳು ದೊರೆತಿದ್ದುವು. ೧೯೦೩ರಲ್ಲಿ ಅಚ್ಚಾದ ಅವುಗಳಲ್ಲೊಂದು ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ಹೇಳಲಾಗುವ ಗ್ರೀಕ್ ಪ್ರಹಸನ. ಕರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನೂ ಸಂಗಡಿಗರೂ ಬಂದು, ಅಲ್ಲಿಯ ಅರಸನಿಗೆ ನೀರು ಬೆರೆಸದ ಮದ್ಯವನ್ನು ಕುಡಿಸಿ ಮತ್ತೇರಿಸಿ, ಅವಳನ್ನು ಹಡಗಿಗೆ ಹತ್ತಿಸುತ್ತಾರೆ. ಅರಸನೂ ಅವನ ಪರಿವಾರವೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಷ್ ಸೂಚಿಸಿದರು, ಅಲ್ಲವೆಂದವರೂ ಇದ್ದರು. ಈ ಚರ್ಚೆಯಲ್ಲಿ ಮೈಸೂರಿನ ಶಾಮಾಶಾಸ್ತ್ರಿಗಳಂತೆ ಮಂಜೇಶ್ವರದ ಪೈಗಳೂ ತೊಡಗಿದರು. ಅವರಿಗೆ ಅದು ಬರಿಯ ಶಬ್ದಶಾಸ್ತ್ರದ ಸಮಸ್ಯೆಯಾಗಿರಲಿಲ್ಲ. ತಮ್ಮ ಮನೆಯಿಂದ ಕೂಗಳತೆಯ ಕಡಲಿನ ಸಮಸ್ಯೆ. ಗ್ರೀಕರ ಹಡಗುಗಳು ಬಂದು ತಂಗಿದ ತೀರ ಯಾವುದು, ಅಲ್ಲಿಯ ಜನ ಎಂತಹ ಕನ್ನಡ ಆಡಿದ್ದರು ಎಂಬುದನ್ನು ಅವರು ತುಳುನಾಡಿನ ಮಣ್ಣಿನ ಮೇಲೆ ನಿಂತೇ ವಿಚಾರಿಸಿದರು. ಇಂದಿಗೂ ಆ ಮಾತುಗಳು ಕನ್ನಡವೆಂಬುದಕ್ಕೆ ಎಲ್ಲರ ಒಪ್ಪಿಗೆ ಇಲ್ಲ.

ಎರಡನೆಯದು ಮೂಡುಬಿದಿರೆ, ವೇಣೂರುಗಳ ಓದುಗರಿಗೆ ಹತ್ತಿರದ್ದು. ವೇಣೂರಿನ ಗೊಮ್ಮಟ ೧೬೦೪ರದು, ಕಾರ್ಕಳದ್ದು ೧೪೩೨ರದು ಎಂದು ಶಾಸನಗಳಿಂದಲೇ ತಿಳಿಯುತ್ತದೆ. ಶ್ರವಣಬೆಳಗೊಳದ ಮೂಲಮೂರ್ತಿಗೆ ಮಾತ್ರ ಅಂತಹ ಸ್ಪಷ್ಟವಾದ ತೇದಿ ಇಲ್ಲ. ಚಾವುಂಡರಾಯ ಮಾಡಿಸಿದನೆಂಬುದು ಖಚಿತ, ಯಾವ ದಿನ? ಜೈನ ಗ್ರಂಥವೊಂದು ಹೇಳುವ ಸಂವತ್ಸರ, ಮಾಸ, ತಿಥಿ, ನಕ್ಷತ್ರಗಳನ್ನು ಇಟ್ಟುಕೊಂಡು ಹಲವು ವಿದ್ವಾಂಸರು ಹಲವು ದಿನಗಳನ್ನು ಗೊತ್ತುಮಾಡಿದರು. ಪೈಗಳ ಗಣನೆ ೯೮೧ರ ಮಾರ್ಚ್ ೧೩ಕ್ಕೆ ಬಂದು ನಿಂತಿತು. ೧೯೮೧ರಲ್ಲಿ ಬೆಳಗೊಳದಲ್ಲಿ ಸಹಸ್ರವರ್ಷದ ಮಹಾಮಸ್ತಕಾಭಿಷೇಕ ನಡೆದಾಗ ಕಳಸಗಳಿಂದ ಹಾಲು ಅರಿಸಿನಗಳು ಇಳಿದುವು. ಸಾವಿರ ವರ್ಷವೆಂಬ ಆ ಲೆಕ್ಕವನ್ನು ಹಿಂದೆಯೇ ಹಾಕಿದ್ದವರಲ್ಲೊಬ್ಬರು ಮಂಜೇಶ್ವರದ ಕೊಂಕಣಿ ಮನೆಯವರು ಎಂಬುದನ್ನು ಅಲ್ಲಿ ನೆರೆದ ಲಕ್ಷ ಜನರಲ್ಲಿ ಎಷ್ಟು ಮಂದಿ ಬಲ್ಲರೋ.

ಕಾವ್ಯದಲ್ಲಿಯೂ ಅವರ ಮನೆ ಹೀಗೆಯೇ ಬಾಗಿಲು ತೆರೆದ ಮನೆ. ೧೯೩೦ರಲ್ಲಿ 'ಗಿಳಿವಿಂಡು' ಬಂತು. ಆ ದಶಕದಲ್ಲಿಯೇ ಏಸುಕ್ರಿಸ್ತನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ' ಬೆಳಕಿಗೆ ಬಂತು. ಮುಂದಿನ ದಶಕದಲ್ಲಿ ಬುದ್ಧನ ಪರಿನಿರ್ವಾಣವನ್ನು ಕುರಿತ 'ವೈಶಾಖಿ'. ಏಕಲವ್ಯನ ಕತೆಯನ್ನು 'ಹೆಬ್ಬೆರಳು' ಎಂಬ ನಾಟಕ ಮಾಡಿದರು; ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಇವುಗಳಲ್ಲಿ ಫರಂಗಿಪೇಟೆಯವರು ಮರೆಯಬಾರದ್ದು 'ಗೊಲ್ಗೊಥಾ'. ಪೋರ್ಚುಗೀಸರನ್ನು ಫರಂಗಿಗಳೆಂದು ಕರೆದ ಕಾಲದ ನೆನಪನ್ನು ಹೆಸರಿನಲ್ಲಿಯೇ ಹೊತ್ತ ಊರು ನಮ್ಮದು. ಶುಭಶುಕ್ರವಾರದ ಸಂಜೆ ಮೋಂತೆ ಮರಿಯಾನೊದ ಇಗರ್ಜಿಗೆ ಹೋಗುವ ಕ್ರೈಸ್ತರು ತಲೆಮಾರುಗಳಿಂದ ಆ ಶಿಲುಬೆಯ ಕತೆಯನ್ನು ಕೇಳುತ್ತ ಬಂದಿದ್ದಾರೆ, ಹಿಂದೆ ಲ್ಯಾಟಿನ್ನಿನಲ್ಲಿ, ಈಗ ಕೊಂಕಣಿಯಲ್ಲಿ. ಅದೇ ಕತೆಗೆ ಅದೇ ಕೊಂಕಣಿ ಮನೆಮಾತಿನ, ಅನಂತೇಶ್ವರನ ಒಕ್ಕಲಿನ ಕವಿಯೊಬ್ಬರು ಪಂಪನ ಕಾಲದ ಕನ್ನಡವನ್ನು ತೊಡಿಸಿದರು. ಕ್ರೈಸ್ತನಾಗದೆ ಕ್ರಿಸ್ತನನ್ನು, ಬೌದ್ಧನಾಗದೆ ಬುದ್ಧನನ್ನು ತನ್ನವನನ್ನಾಗಿ ಮಾಡಿಕೊಳ್ಳುವುದು ಅವರಿಗೆ ಕಷ್ಟವಾಗಲಿಲ್ಲ.

ಆದರೆ ಓದುಗನಿಗೆ ಕಷ್ಟ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಪ್ಪತ್ತು ವರ್ಷಗಳಿಂದ ಎಂ.ಎ. ತರಗತಿಗಳಲ್ಲಿಯೂ ಅದಕ್ಕಿಂತ ಕೆಳಗಣ ತರಗತಿಗಳಲ್ಲಿಯೂ ಕನ್ನಡ ಕಲಿಸುತ್ತಿರುವ ನಾನು 'ಗೊಲ್ಗೊಥಾ'ವನ್ನು ನಿಘಂಟಿನ ನೆರವಿಲ್ಲದೆ ಒಂದೇ ಓಟಕ್ಕೆ ಓದಿದೆನೆಂದು ಹೇಳಲಾರೆ. ಪ್ರಾಸದ ಸಂಕೋಲೆಯನ್ನು ಕಳಚಿದ ಕೈಯೇ ಪದಗಳ ಬೇರೊಂದು ಬೇಲಿಯನ್ನು ಕಟ್ಟಿತು. ಬೇಲಿಯನ್ನು ದಾಟಿದವನಿಗೆ ಒಳಗೆ ನೆಳಲಿದೆ, ನೀರಿದೆ. ದಾಟದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಗುರು ಪಂಜೆಯವರ ಶಿಶುಗೀತಗಳನ್ನು ಅಜ್ಜಿಯರು ಈಗಲೂ ಹಾಡುತ್ತಾರೆ. ಶಿಷ್ಯನ ಖಂಡಕಾವ್ಯಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿದಿವೆ. ನಾನು ಪೈಗಳ ಅಭಿಮಾನಿ. ಆದರೂ ಈ ಲೆಕ್ಕದಲ್ಲಿ ಗುರುವೇ ಗೆದ್ದರೆಂದು ಒಪ್ಪುತ್ತೇನೆ.

ಮನ್ನಣೆಗಳ ಮಾತನ್ನು ಬೇಗನೆ ಮುಗಿಸಬಹುದು. ೧೯೪೯ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿಯೆಂಬ ಬಿರುದನ್ನು ಕೊಟ್ಟಿತು. ಕನ್ನಡದ ಮೊದಲ ರಾಷ್ಟ್ರಕವಿಗೆ ಆ ಹೆಸರನ್ನು ಕೊಟ್ಟದ್ದು ಮೈಸೂರು ಸಂಸ್ಥಾನವಲ್ಲ, ತಮಿಳರ ರಾಜಧಾನಿಯಲ್ಲಿದ್ದ ಸರಕಾರ ಎಂಬುದು ಚರಿತ್ರೆಯ ಒಂದು ವಿನೋದ. ಕುವೆಂಪು ಅವರಿಗೆ ಮೈಸೂರು ಸರಕಾರ ಅದೇ ಬಿರುದನ್ನು ಕೊಟ್ಟದ್ದು ೧೯೬೪ರಲ್ಲಿ. ೧೯೫೧ರಲ್ಲಿ ಮುಂಬಯಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪೈಗಳು ಅಧ್ಯಕ್ಷರಾದರು. ಅಧ್ಯಕ್ಷಪೀಠದಿಂದ ಇಳಿದು ಮತ್ತೆ ಮಂಜೇಶ್ವರಕ್ಕೆ ಬಂದರು.

ಇಷ್ಟರಲ್ಲಿ ಭಾಷಾವಾರು ಪ್ರಾಂತಗಳ ಮಾತು ದೇಶದಲ್ಲೆಲ್ಲ ಎದ್ದಿತ್ತು. ಫಜಲ್ ಅಲಿ ಆಯೋಗ ೧೯೫೫ರಲ್ಲಿ ವರದಿಯನ್ನು ಒಪ್ಪಿಸಿತು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ. ಆದರೆ ಅದರ ತೆಂಕಣ ತುದಿಯ ಕಾಸರಗೋಡು ತಾಲೂಕು ಕೇರಳಕ್ಕೆ. ಚಂದ್ರಗಿರಿ ಹೊಳೆಯ ಬಡಗಣ ಭಾಗವಾದರೂ ಕನ್ನಡನಾಡಿಗೆ ಉಳಿಯಲೆಂದು ಕಾಸರಗೋಡಿನವರು ಹೋರಾಡಿದರು. ಕಯ್ಯಾರ ಕಿಞ್ಞಣ್ಣ ರೈಗಳಂತಹ ಕವಿಗಳೂ ಬೀದಿಗಿಳಿದರು. ಕಿವಿಗೊಟ್ಟವರಿಲ್ಲ. ೧೯೫೬ರ ನವೆಂಬರ್ ೧ರಂದು ಬೆಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಏಕೀಕರಣದ ಹಬ್ಬ. ರಾಷ್ಟ್ರಕವಿಯ ಮನೆಯಂಗಳದಲ್ಲಿ ಸೂತಕದ ಮೌನ. ಕನ್ನಡನಾಡು ಒಂದಾಗಬೇಕೆಂದು ಬಾಳೆಲ್ಲ ಬಯಸಿದವರನ್ನು ಆ ನಾಡು ಒಂದಾಗುವಾಗ ಹೊರಗಿಟ್ಟಿತು. ಅವರು ಬಯಸಿದ್ದರೆ ಮಂಗಳೂರಿನಲ್ಲೊಂದು ಮನೆ ಮಾಡುವುದು ಕಷ್ಟವೇನಾಗಿರಲಿಲ್ಲ. ತಂದೆಯ ಊರು, ನೆಂಟರಿಷ್ಟರ ಊರು, ಹದಿನೈದು ಮೈಲಿಯೂ ದೂರವಿಲ್ಲ. ಹೋಗಲಿಲ್ಲ. ತಾಯಿಯ ತವರು, ತಾವು ಹುಟ್ಟಿದ ಮನೆ, ಗೋಡೆಗಳುದ್ದಕ್ಕೂ ಪುಸ್ತಕ. ಗಡಿ ಎಲ್ಲಿಯಾದರೂ ಬೀಳಲಿ ಎಂದು ಅಲ್ಲಿಯೇ ನಿಂತರು. ಅದು ಹಟವೋ, ವೃದ್ಧಾಪ್ಯದ ದಣಿವೋ, ಮಣ್ಣಿನ ಮೇಲಣ ಮಮತೆಯೋ ಹೊರಗಿನವರಾದ ನಾವು ಊಹಿಸಬಹುದಷ್ಟೆ. ಆ ನೋವಿನಲ್ಲಿಯೇ ಏಳು ವರ್ಷಗಳನ್ನು ಕಳೆದು ೧೯೬೩ರ ಸೆಪ್ಟೆಂಬರ್ ೬ರಂದು ಪೈಗಳು ತೀರಿಕೊಂಡರು. ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗ ೧೯೬೭ರಲ್ಲಿ ಹೇಳಿತು. ಕೇಳುವುದಕ್ಕೆ ಅವರಿರಲಿಲ್ಲ, ಇದ್ದವರಿಗೂ ಅದರಿಂದ ಏನೂ ಆಗಲಿಲ್ಲ.

ಪೈಗಳ ಬಳಿಕ ಅವರ ಪುಸ್ತಕಗಳು ಉಡುಪಿಗೆ ಹೋದುವು. ಅಲ್ಲಿಯ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ತುಳು ನಿಘಂಟಿನ ಆರು ಸಂಪುಟಗಳು ೧೯೮೮ರಿಂದ ೧೯೯೭ರವರೆಗೆ ಹೊರಬಿದ್ದದ್ದು ಆ ಕೇಂದ್ರದಿಂದಲೇ. ಪುಸ್ತಕಗಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು; ಕರಾವಳಿಯ ಮಳೆಗಾಲ, ಗೆದ್ದಲು, ಬೀಗ ಹಾಕಿದ ಕೋಣೆ ಇವು ಮೂರೂ ಸೇರಿದರೆ ಪುಸ್ತಕದ ಗತಿ ಏನೆಂದು ನಮಗೆಲ್ಲ ಗೊತ್ತು. ಹೀಗೆ ಪುಸ್ತಕಗಳು ಗಡಿ ದಾಟಿ ಕರ್ನಾಟಕಕ್ಕೆ ಬಂದುವು, ಮನೆ ಗಡಿಯಾಚೆ ಉಳಿಯಿತು. ಮಂಜೇಶ್ವರದ ಸರಕಾರಿ ಕಾಲೇಜಿಗೆ ಪೈಗಳ ಹೆಸರು ಬಂತು. ಮನೆಗೆ ಮಾತ್ರ ಬಹುಕಾಲ ದಿಕ್ಕಿರಲಿಲ್ಲ. ಎರಡು ರಾಜ್ಯಗಳಿಗೆ ಸೇರಿದ ಕವಿಯ ಮನೆಯನ್ನು ಯಾವ ರಾಜ್ಯ ನೋಡಿಕೊಳ್ಳಬೇಕು? ನಮ್ಮ ಕವಿ, ಆದರೆ ನಮ್ಮ ನೆಲವಲ್ಲ ಎನ್ನಬಹುದು ಒಬ್ಬರು. ನಮ್ಮ ನೆಲ, ಆದರೆ ನಮ್ಮ ಭಾಷೆಯಲ್ಲ ಎನ್ನಬಹುದು ಇನ್ನೊಬ್ಬರು. ವರ್ಷಗಳು ಸಂದ ಮೇಲೆ ಎರಡು ಸರಕಾರಗಳ ನೆರವೂ ಸಾಹಿತ್ಯಾಭಿಮಾನಿಗಳ ದುಡಿಮೆಯೂ ಕೂಡಿ ಬಂದು ಹಳೆಯ ಮನೆಯ ಜೀರ್ಣೋದ್ಧಾರವಾಯಿತು. ಸುತ್ತಣ ಹಿತ್ತಿಲು ಹಸನಾಯಿತು, ಸಭಾಭವನವೆದ್ದಿತು. ೧೯೩೦ರ ಆ ಕವನಸಂಕಲನದ ಹೆಸರೇ ಇಡೀ ಸ್ಮಾರಕದ ಹೆಸರಾಗಿ 'ಗಿಳಿವಿಂಡು' ೨೦೧೭ರಲ್ಲಿ ಜನರಿಗೆ ತೆರೆಯಿತು.

ನಮ್ಮ ಕಾಲೇಜಿನ ಹದಿನೆಂಟು ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಮನೆ ನೋಡಲು ಅಚ್ಚುಕಟ್ಟಾಗಿದೆ. ಹಂಚು, ಮರ, ನೆಲ ಎಲ್ಲವೂ ಆರೈಕೆ ಕಂಡಿವೆ. ಹೊರಗೆ ಮಳೆಯಲ್ಲಿ ಮಿಂದ ಗಿಡಮರಗಳು. ಕೆಲವರು ಚಿತ್ರ ತೆಗೆಯುತ್ತ ಹಿತ್ತಿಲಿನಲ್ಲಿ ಚೆದರಿದರು, ಇಬ್ಬರು ಜಗಲಿಯ ಮೇಲೆ ಬುತ್ತಿ ಬಿಚ್ಚಿದರು. ನಾನು ಒಳಗೆ ನಿಂತು, ಗ್ರೀಕ್ ಪಪೈರಸ್ಸಿನ ಅಕ್ಷರಗಳ ಮೇಲೆ ಬಾಗಿದ ಆ ತಲೆ ಯಾವ ಕಿಟಕಿಯ ಬೆಳಕಿನಲ್ಲಿತ್ತೋ ಎಂದು ಊಹಿಸಲು ನೋಡಿದೆ, ಆಗಲಿಲ್ಲ. ಜೀರ್ಣೋದ್ಧಾರ ಮಾಡುವವರು ಕಂಬ ಜಂತೆಗಳನ್ನು ನಿಲ್ಲಿಸಬಲ್ಲರು. ಗೋಡೆಯ ಬದಿಯ ಗ್ರಂಥಗಳ ವಾಸನೆಯನ್ನು ಮರಳಿ ತರುವುದು ಅವರ ಕೈಯಲ್ಲಿಲ್ಲ. ಅವರ ಕೆಲಸವನ್ನು ಹಳಿಯಲು ಈ ಮಾತನ್ನಾಡುತ್ತಿಲ್ಲ. ಬಿದ್ದುಹೋಗಬಹುದಾಗಿದ್ದ ಮನೆಯೊಂದು ನಿಂತಿದೆ, ಅಷ್ಟರಿಂದಲೇ ಹದಿನೆಂಟು ಮಂದಿ ಅದರ ಹೊಸ್ತಿಲು ದಾಟಿದರು.

ಹೊರಡುವ ಹೊತ್ತಿಗೆ ಹುಡುಗಿಯೊಬ್ಬಳು ಹತ್ತಿರ ಬಂದಳು. ಫರಂಗಿಪೇಟೆಯವಳೇ, ಕ್ರೈಸ್ತಳು, ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಮಾತೇ ಆಡದವಳು. ಏಸುವಿನ ಮೇಲೆ ಬರೆದ ಪುಸ್ತಕ ನಮ್ಮ ಗ್ರಂಥಾಲಯದಲ್ಲಿ ಇದೆಯೇ ಎಂದು ಕೇಳಿದಳು. ಒಂದೇ ಒಂದು ಪ್ರತಿ ಇದೆ, ಬಹಳ ಕಠಿನ ಎಂದೆ. ತಮ್ಮ ಅಜ್ಜಿಗೆ ಓದಿ ಹೇಳಬೇಕೆಂದಳು. ಅಜ್ಜಿಗೆ ಕನ್ನಡ ಓದಲು ಬಾರದು, ಇವಳು ಓದಿ ಕೊಂಕಣಿಯಲ್ಲಿ ವಿವರಿಸುತ್ತಾಳಂತೆ. ಮರುದಿನ ಪುಸ್ತಕವನ್ನು ತೆಗೆಸಿ, ಜೊತೆಗೆ ನನ್ನ ಹಳಗನ್ನಡ ನಿಘಂಟನ್ನೂ ಕೊಟ್ಟೆ. ಗ್ರಂಥಪಾಲರು ಎರಡು ಬಾರಿ ಜ್ಞಾಪಿಸಿದ್ದಾರೆ. ಪುಸ್ತಕ ಇನ್ನೂ ಮರಳಿ ಬಂದಿಲ್ಲ. ನಾನೂ ಕೇಳಲು ಹೋಗಿಲ್ಲ.